ಹುಕ್ ಒಂದೇ ಬಾಕಿ

ಟೈಲರ್ ಆದವನು ದಿನಕ್ಕೆ ನಾಲ್ಕು ಸುಳ್ಳು ಹೇಳುವುದೂ, ಅದರಲ್ಲಿ ಒಂದಕ್ಕೆ ಸಿಕ್ಕಿಬೀಳುವುದೂ ಇದ್ದದ್ದೇ. ಕೊಪ್ಪದ ನನ್ನ ಅಂಗಡಿಯಲ್ಲಿ ನಾಲ್ಕಕ್ಕೆ ನಾಲ್ಕೂ ಸಿಕ್ಕಿಬೀಳಲು ಶುರುವಾದದ್ದು ಮಗಳ ಮೊಬೈಲಿಗೆ ಆ ಆ್ಯಪ್ ಬಂದ ಮೇಲೆ.

ದಿನಕ್ಕೊಮ್ಮೆ, ಅದಕ್ಕೆ ಮನಸ್ಸು ಬಂದಾಗ, ಅದು ಟಿಂಗ್ ಅನ್ನುತ್ತದೆ. ಎರಡು ನಿಮಿಷದೊಳಗೆ, ಇದ್ದಲ್ಲಿಂದಲೇ, ಇದ್ದ ಹಾಗೇ ಫೋಟೋ ತೆಗೆದು ಹಾಕಬೇಕು. ಎದುರಿಗಿರುವುದೂ, ತೆಗೆದವರ ಮುಖವೂ ಒಟ್ಟಿಗೇ ಬರುತ್ತವೆ. ಪೌಡರ್ ಹಚ್ಚಲು, ತಲೆ ಬಾಚಲು ಪುರುಸೊತ್ತಿಲ್ಲ. ಕಾಲೇಜು ಬಿಟ್ಟ ಮೇಲೆ ಅಂಗಡಿಗೆ ಬಂದು ಹೆಮ್ಮಿಂಗ್ ಮಾಡಿಕೊಡುವ ಮಗಳಿಗೆ ಅದೊಂದು ಆಟ. ಆದರೆ ಆ ಫೋಟೋ ನೋಡುವ ಅವಳ ಗೆಳತಿಯರ ಮನೆಯವರೇ ನನ್ನ ಗಿರಾಕಿಗಳು.

ಮಿಷನ್ ಮೇಲೆ

ಮೇಗುಂದದ ಟೀಚರಮ್ಮ ಫೋನ್ ಮಾಡಿದರು. "ಸಾಬ್ರೆ, ಬ್ಲೌಸ್ ಎಂತ ಆಯ್ತು?"

"ಮಿಷನ್ ಮೇಲೇ ಇದೆ ಅಮ್ಮಾ."

ಆಗ ತಾನೇ ಮಗಳ ಫೋಟೋ ಹೋಗಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಟೀಚರಮ್ಮನ ಮಗಳು ಅದನ್ನು ಅಮ್ಮನಿಗೆ ತೋರಿಸಿಯಾಗಿತ್ತು.

"ಮಿಷನ್ ಮೇಲೆ ಇರೋದು ಟೀ, ಬನ್ಸು. ಅದಾದ್ರೂ ಇವತ್ತು ಮುಗೀತದಾ?"

ಕೆಲಸಗಾರ

ಅಂದಿನಿಂದ ಹುಷಾರಾದೆ. ಟಿಂಗ್ ಅಂದ ಕೂಡಲೇ ಕೈಗೆ ಸಿಕ್ಕಿದ್ದನ್ನು ಸೂಜಿಯ ಕೆಳಗೆ ತುರುಕಿ ಗಡಗಡ ತುಳಿಯುತ್ತಿದ್ದೆ. ಫೋಟೋದಲ್ಲಿ ನನ್ನಷ್ಟು ಕೆಲಸಗಾರ ಇಡೀ ತಾಲ್ಲೂಕಿನಲ್ಲಿಲ್ಲ.

ಒಂದು ದಿನ ಹಾಗೆ ಸಿಕ್ಕಿದ್ದು ನರಸಿಂಹರಾಜಪುರದ ಆಫೀಸಿನ ಕ್ಲರ್ಕ್ ಒಬ್ಬರ ಪ್ಯಾಂಟ್. ಅವರ ಮಗಳು ಫೋಟೋ ತೋರಿಸಿದ್ದೇ ತಡ, ಖುಷಿಯಿಂದ ಬಸ್ಸು ಹತ್ತಿ ಬಂದೇಬಿಟ್ಟರು. ಒಳಗೆ ಹೋಗಿ ಹಾಕಿ ನೋಡಿದರು. ಪರದೆಯ ಹಿಂದೆ ದಡಬಡ ಸದ್ದು. ಅವಸರದಲ್ಲಿ ತುಳಿದದ್ದು ನೆನಪಾಯಿತು. ಎರಡೂ ಕಾಲಿನ ತುದಿಗೆ ಅಡ್ಡ ಹೊಲಿಗೆ ಬಿದ್ದಿತ್ತು.

"ಮಾರಾಯ್ರೆ," ಒಳಗಿಂದಲೇ ಕೂಗಿದರು, "ಕಾಲು ಹೊರಗೆ ಬರ್ಲಿಕ್ಕೆ ದಾರಿ ಬೇಡವಾ?"

ಗುರುವಾರದ ಮದುವೆ

ಶೃಂಗೇರಿಯ ಒಬ್ಬ ತಾಯಿ ಮಗಳ ಧಾರೆ ಸೀರೆಯ ಬ್ಲೌಸ್ ಪೀಸ್ ತಂದರು. "ಬರೋ ಗುರುವಾರ ಮದುವೆ ಸಾಬ್ರೆ. ಮಂಗಳವಾರ ಕೊಡದಿದ್ರೆ ನಮ್ಮ ಮರ್ಯಾದೆ ಹೋಯ್ತು."

"ಮದುವೆ ಪತ್ರಿಕೆ ಪ್ರಿಂಟಾಗಿ ಬಂತಾ ಅಮ್ಮಾ?"

"ಪತ್ರಿಕೆ ಎಲ್ಲಿ, ಬಾಯಲ್ಲೇ ಹೇಳಿದ್ದು."

ಸೀರೆಯ ಜೊತೆ ಬಂದ ಪೀಸ್, ಅದೊಂದೇ. ಕೇಳಿದ್ದು ಮೊಣಕೈವರೆಗಿನ ತೋಳು. ಬಟ್ಟೆ ನೋಡಿದರೆ ಗಿಡ್ಡ ತೋಳಿಗಷ್ಟೇ ಸಾಕು. ಒಂದು ಕತ್ತರಿ ತಪ್ಪಿದರೆ ಆ ಹುಡುಗಿಯ ಧಾರೆಯೇ ಹಾಳು. ಮೂರು ದಿನ ಕತ್ತರಿ ಎತ್ತಿದೆ, ಇಟ್ಟೆ. ಅನ್ನ ಸೇರಲಿಲ್ಲ. ಸೋಮವಾರ ಸಂಜೆಯಾದರೂ ಬಟ್ಟೆ ಮಡಿಸಿಟ್ಟ ಹಾಗೇ ಇತ್ತು. ನಿಜಕ್ಕೂ ಅಳು ಬರುವ ಹಾಗಾಗಿತ್ತು.

ಟಿಂಗ್.

ಮದುಮಗಳು ನನ್ನ ಮಗಳಿಗೆ ಕಾಲೇಜಿನಲ್ಲಿ ಸೀನಿಯರ್, ಆ್ಯಪಿನಲ್ಲೂ ಗೆಳತಿ. "ಇವತ್ತೊಂದಿನ ಬೇಡ ಮಗಳೇ," ಕೈಮುಗಿದೆ.

"ನಾನು ಹಾಕದಿದ್ರೆ ಉಳಿದವರ ಫೋಟೋ ನಂಗೆ ಕಾಣಲ್ಲ ಅಬ್ಬಾ."

"ಹಾಗಾದ್ರೆ ಗೋಡೆ ಕಡೆ ತಿರುಗಿ ತೆಗಿ!"

ತಿರುಗಿ ತೆಗೆದಳು. ಮದುಮಗಳ ಫೋಟೋವೂ ಬಂತು. ಅವಳ ಎದುರಿಗೆ ಅಮ್ಮ ಕೂತು ಮದುವೆ ಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದಾರೆ. ಮಗಳು ಎಳೆದು ದೊಡ್ಡದು ಮಾಡಿ ಪತ್ರಿಕೆಯ ತಾರೀಕು ಓದಿದಳು.

"ಅಬ್ಬಾ, ಮದುವೆ ಈ ಗುರುವಾರ ಅಲ್ಲ. ಅದರಾಚೆ ಗುರುವಾರವೂ ಅಲ್ಲ, ಅದರ ಮುಂದಿನದು!"

ಟೈಲರನಿಗೆ ಹೆದರಿ ಎರಡು ವಾರ ಮುಂಚೆಯೇ ಮದುವೆ ಮಾಡಿಟ್ಟಿದ್ದರು. ನನಗೆ ಸಿಟ್ಟೂ ಬಂತು, ಹೋದ ಜೀವವೂ ಬಂತು. ಅಷ್ಟರಲ್ಲಿ ಆ ತಾಯಿಯದೇ ಫೋನ್.

"ಸಾಬ್ರೆ, ಮದುವೆಗೆ ಮೂರೇ ದಿನ, ಕೈಕಾಲೇ ಆಡ್ತಿಲ್ಲ. ಬ್ಲೌಸ್ ಎಲ್ಲಿಗೆ ಬಂತು?"

"ಹುಕ್ ಒಂದೇ ಬಾಕಿ ಅಮ್ಮಾ. ಪತ್ರಿಕೆಗೆಲ್ಲ ಅರಿಶಿನ ಹಚ್ಚಿ ಆಯ್ತಾ?"

ಗೆದ್ದೆ ಅಂದುಕೊಂಡೆ.

"ಆಯ್ತು," ಅಂದರು ನಿಧಾನಕ್ಕೆ. "ನಿಮ್ಮ ಫೋಟೋನೂ ನೋಡ್ದೆ. ಒಂದರಲ್ಲಿ ಗೋಡೆ. ಇನ್ನೊಂದರಲ್ಲಿ ನಿಮ್ಮ ಮಗಳ ಮುಖ, ಅವಳ ಹಿಂದೆ ನೀವು ತಲೆ ಮೇಲೆ ಕೈ ಹೊತ್ತು ಕೂತಿದ್ದೀರಿ. ಮುಂದೆ ನಮ್ಮ ಬಟ್ಟೆ, ಕೊಟ್ಟ ಹಾಗೇ ಇದೆ."

ಆಮೇಲೆ ನಾನೇ ನಿಜ ಹೇಳಿದೆ: ತೋಳಿಗೆ ಬಟ್ಟೆ ಸಾಲದು. ಅವರು ಮರುದಿನವೇ ಸೀರೆ ತಂದು, ಒಳಸೆರಗಿನಿಂದ ಬೇಕಾದಷ್ಟು ಕತ್ತರಿಸಿಕೊಟ್ಟರು.

ನಿಜವಾದ ಮದುವೆಯ ಹಿಂದಿನ ದಿನ ಆ ತಾಯಿ ಅಂಗಡಿಗೆ ಬಂದಾಗ ಬ್ಲೌಸಿಗೆ ಹುಕ್ ಒಂದೇ ಬಾಕಿಯಿತ್ತು. ಮೂವತ್ತು ವರ್ಷದಲ್ಲಿ ಆ ಮಾತು ನಿಜವಾದದ್ದು ಅದೇ ಮೊದಲು. ಅವರಿಗೆ ನಂಬಿಕೆ ಬರಲಿಲ್ಲ. ಮೊಬೈಲ್ ತೆಗೆದು, ಆ ಆ್ಯಪಿನ ಹಾಗೇ, ಬ್ಲೌಸಿನದೂ ತಮ್ಮ ಮುಖದ್ದೂ ಫೋಟೋ ಹೊಡೆದುಕೊಂಡರು.