ಬಜಾರಕ್ಕ ಹೋಗೋ ಹಡಗು ಬ್ಯಾಡ!

ಮೊದಲೇ ಹೇಳಿಬಿಡುತ್ತೇನೆ, ನನಗೆ ಉರ್ದು ಯಾರೂ ಕಲಿಸಿದ್ದಲ್ಲ. ಅದು ನಮ್ಮ ಶಹಾಪುರದ ನೀರಿನಲ್ಲೇ ಕರಗಿದೆ! ನಿಜಾಮನ ಕಾಲ ಮುಗಿದು ಮುಕ್ಕಾಲು ಶತಮಾನವಾದರೂ ನಾವು ಇವತ್ತಿಗೂ ದವಾಖಾನೆಯಲ್ಲಿ ಸೂಜಿ ಚುಚ್ಚಿಸಿಕೊಂಡು, ದುಕಾನಿನಿಂದ ಸಾಬೂನು ತಂದು, ಮನೆಯಲ್ಲಿ ಹೆಂಡತಿಗೆ ಜವಾಬು ಕೊಡುವ ಜನ. ಹೀಗಿರುವಾಗ, ಹತ್ತಿ ಬೀಜ ಹೆಚ್ಚು ಮಾರಿದ ಡೀಲರುಗಳನ್ನು ಹೆಂಡಿರ ಸಮೇತ ಮೂರು ದಿನ ಇಸ್ತಾಂಬುಲ್‌ಗೆ ಕರೆದೊಯ್ಯುತ್ತೇವೆಂದು ಕಂಪನಿಯವರು ಹೇಳಿದ್ದೇ ತಡ, ನಾನು ಅಂಗಡಿಯ ಗಲ್ಲಾದ ಮೇಲೆ ಕೈ ಬಡಿದು ಘೋಷಿಸಿದೆ:

"ಗೈಡ್ ಗೀಡ್ ನಮಗ ಬ್ಯಾಡ! ಟರ್ಕಿಯವರು ನಮ್ಮ ನಿಜಾಮನ ಮನಿಗಿ ಹೆಣ್ಣು ಕೊಟ್ಟ ಬೀಗರು. ಅವರ ಮಾತು, ನಮ್ಮ ಮಾತು ಎಲ್ಲಾ ಒಂದೇ!"

ನನ್ನ ಹೆಂಡತಿ ಬಸವೇಶ್ವರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಾಳೆ. ಕ್ರಿ.ಶ. ೧೪೫೩ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು ಎಂಬುದನ್ನು ಆಕೆಯಷ್ಟು ಸಲ ಸ್ವತಃ ಟರ್ಕರೂ ಹೇಳಿರಲಿಕ್ಕಿಲ್ಲ. ಆ ಕಾನ್‌ಸ್ಟಾಂಟಿನೋಪಲ್ಲೇ ಈಗಿನ ಇಸ್ತಾಂಬುಲ್. ಸುದ್ದಿ ಕೇಳಿದ ಮೂರನೇ ದಿನ ಆಕೆ ರೊಟ್ಟಿ ಬಡಿಯುತ್ತಾ ಬಾಯಿಬಿಟ್ಟಳು.

"ರೀ, ನಂದೊಂದೇ ಆಸೆ ಅದ. ಆ ಊರಾಗ ನಡುವ ಸಮುದ್ರ ಅದ. ಈ ಕಡಿ ದಂಡಿ ಯುರೋಪು, ಆ ಕಡಿ ದಂಡಿ ಏಷ್ಯಾ. ಇಪ್ಪತ್ತೊಂದು ವರ್ಷದಿಂದ ಬೋರ್ಡಿನ ಮ್ಯಾಲ ಸೀಮೆಸುಣ್ಣದಾಗ ದಾಟಾಕತ್ತೀನಿ. ಒಂದ್ ಸಲ ಹಡಗಿನ್ಯಾಗ ಖರೇನ ದಾಟಬೇಕ್ರಿ."

"ದಾಟಿಸ್ತೀನಿ! ಆದ್ರ ಒಂದು ಶರ್ತು. ಅಲ್ಲಿ ಮಾತು ನಂದು. ನೀ ಬಾಯಿ ಬಿಡಬ್ಯಾಡ."

ಆಕೆಯ ಶಾಲೆಯ ಉರ್ದು ಶಿಕ್ಷಕಿ ಫರ್ಹೀನ್ ಮೇಡಂ ಮಾತ್ರ ಕೇಳಿ ನಕ್ಕರು. "ಭಾಯಿಸಾಬ್, ಜರಾ ಹುಷಾರ್ ರೀ! ಟರ್ಕಿ ಮಾತು ಕಿವಿಗಿ ನಮ್ಮಂಗೇ ಕೇಳಸ್ತದ, ಅರ್ಥ ಬ್ಯಾರೆ ಇರ್ತದ" ಎಂದರು. ಹೊಟ್ಟೆಕಿಚ್ಚು ಎಂದುಕೊಂಡೆ. ಹೊರಡುವ ದಿನ ನಮ್ಮ ಅಂಗಡಿಯ ಹಮಾಲ ಮರಿಲಿಂಗಪ್ಪ ಬ್ಯಾಗುಗಳನ್ನು ಬಸ್ಸಿಗೇರಿಸುತ್ತಾ, "ಸಾವಕಾರ್ರ, ಅಲ್ಲಿ ನಿಮ್ಮ ಗಂಟು ಯಾರು ಹೊರತಾರ್ರಿ?" ಎಂದು ಕೇಳಿದ. "ಅಲ್ಲಿ ಹಮಾಲರಿಗೇನು ಬರ ಬಂದದೇನೋ? ಕರದ್ರ ಓಡಿ ಬರ್ತಾರ!" ಎಂದು ಗತ್ತಿನಿಂದ ಹತ್ತಿ ಕುಳಿತೆ.

ಮೊದಲೆರಡು ದಿನ ಎಲ್ಲರೊಂದಿಗೆ ಬಸ್ಸಿನಲ್ಲಿ ಊರು ನೋಡಿದೆವು. ಹೋಟೆಲಿನಲ್ಲಿ "ಸಾಬೂನ್" ಎಂದೆ, ಸಾಬೂನು ಬಂತು! "ಚಾಯ್" ಎಂದೆ, ಚಹಾ ಬಂತು! ನನ್ನ ಎದೆ ಎರಡಂಗುಲ ಉಬ್ಬಿತು.

"ನೋಡಿದ್ಯಾ?"

"ನೋಡ್ದೆ ಬಿಡ್ರಿ. ಒಂದು ಸಾಬೂನು, ಒಂದು ಕಪ್ಪು ಚಾದಾಗ ಇಡೀ ದೇಶ ಗೆದ್ರಿ" ಎಂದಳು.

ಮೂರನೆಯ ದಿನ ಭಾನುವಾರ. ಸಂಜೆ ನಾಲ್ಕಕ್ಕೆ ವಿಮಾನ ನಿಲ್ದಾಣದ ಬಸ್ಸು. ಕಂಪನಿಯ ಆಫೀಸರ್ ಕಾಂತೇಶ ಬೆಳಿಗ್ಗೆಯೇ ಎಲ್ಲರನ್ನೂ ಗೈಡ್ ಜೊತೆ ಹಡಗಿನ ವಿಹಾರಕ್ಕೆ ಹೊರಡಿಸುತ್ತಿದ್ದ.

"ಬರ್ರಿ ಸಂಗಮನಾಥಣ್ಣ, ಇದೇ ಕಡಿ ಚಾನ್ಸು."

"ಕುರಿ ಹಿಂಡಿನಂಗ ಹೋಗಾವರಲ್ಲ ನಾವು. ನಮ್ಮ ಹಡಗು ನಾವೇ ಹುಡುಕ್ತೀವಿ!"

ಹತ್ತು ಗಂಟೆಗೆ ಹಡಗುಕಟ್ಟೆಯಲ್ಲಿದ್ದೆವು. ಸಮುದ್ರ ಕಂಡದ್ದೇ ಬಸವೇಶ್ವರಿ ಸಣ್ಣ ಹುಡುಗಿಯಾದಳು. ತಿಂಥಣಿ ಹತ್ತಿರ ಕೃಷ್ಣಾ ಹೊಳೆಯಲ್ಲಿ ಹರಿಗೋಲು ಹತ್ತಿದ್ದೇ ನಮ್ಮಿಬ್ಬರ ಈವರೆಗಿನ ಜಲಯಾನ. ಪಕ್ಕದ ಸೇತುವೆಯ ಉದ್ದಕ್ಕೂ ನೂರಾರು ಜನ ಗಾಳ ಹಾಕಿ ನಿಂತದ್ದೇಕೆ, ನೀರು ಇತ್ತ ಹರಿಯುತ್ತದೋ ಅತ್ತಲೋ, ಆ ಹಕ್ಕಿ ಯಾವುದು... ಎಲ್ಲವೂ ಆಕೆಗೆ ಬೇಕು. ಅಂಗೈಯಗಲದ ನೋಟುಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದಳು.

ಗೇಟಿನಲ್ಲಿ ಪೊರಕೆಯಂಥ ಮೀಸೆಯ ಒಬ್ಬ ಸಮವಸ್ತ್ರದವನಿದ್ದ. ಕೋಟು ಸರಿಮಾಡಿಕೊಂಡು, ಹಡಗು ಎಲ್ಲಿಗೆ, ಯಾವಾಗ ಎಂದು ನನ್ನ ಉರ್ದುವಿನಲ್ಲಿ ಕೇಳಿದೆ:

"ಜಹಾಜ್ ಕಿಧರ್? ಕಬ್?"

ಅವನು ಗೋಡೆಯ ವೇಳಾಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಪಜಾರ್" ಎಂದ.

ಬಜಾರ್! ಹಿಂದಿನ ದಿನ ಬಸ್ಸು ಇಲ್ಲಿನ ದೊಡ್ಡ ಬಜಾರದ ಮುಂದೆ ಹಾದಾಗ, ಒಂದೇ ಸೂರಿನಡಿ ಸಾವಿರಾರು ಅಂಗಡಿ ಎಂದು ಗೈಡ್ ಹೇಳಿದ್ದ. ಆಗ ನನ್ನ ಹೆಂಡತಿಯ ಕಣ್ಣಿನಲ್ಲಿ ಹೊಳೆದದ್ದನ್ನು ನಾನು ಮರೆತಿರಲಿಲ್ಲ. ಪ್ರಾಣ ಹೋದರೂ ಆಕೆಯನ್ನು ಆ ಬಜಾರಕ್ಕೆ ಕಾಲಿಡಗೊಡುವುದಿಲ್ಲವೆಂದು ಅಲ್ಲೇ ಶಪಥ ಮಾಡಿದ್ದೆ!

"ಬಜಾರ್ ನಹೀ! ಸಮುಂದರ್! ಏಷ್ಯಾ!"

"ಪಜಾರ್" ಎಂದ ಅವನು, ಮಗುವಿಗೆ ತಿಳಿಹೇಳುವಂತೆ. "ಬುಗುನ್ ಪಜಾರ್."

"ಏನಂತಾನ್ರಿ?" ಎಂದಳು ಇವಳು.

"ಈ ಹಡಗು ಬಜಾರಕ್ಕ ಹೋಗ್ತದಂತ. ಬುಗುನ್ ಅಂತ ಯಾವುದೋ ಬಜಾರ."

"ಬಜಾರಕ್ಕ ಹಡಗು ಯಾಕ ಹೋಗ್ತದ್ರಿ? ಅದು ಗುಡ್ಡದ ಮ್ಯಾಲ ಅದ ಅಲ್ಲ!"

"ಬಾಯಿ ಬಿಡಬ್ಯಾಡ ಅಂದೀನಿ!"

ಮೊದಲನೆಯ ಹಡಗು ಹೋಯಿತು. ಎರಡನೆಯದು ಬಂತು. "ಯೇ ಭೀ ಬಜಾರ್?" ಎಂದೆ. "ಪಜಾರ್, ಪಜಾರ್!" ಎಂದು ಅವನು ಉತ್ಸಾಹದಿಂದ ತಲೆಯಾಡಿಸಿ ಒಳಗೆ ಬಾ ಎಂದು ಕೈ ಬೀಸಿದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೂರನೆಯದು, ನಾಲ್ಕನೆಯದು, ಐದನೆಯದು... ಈ ಊರಿನಲ್ಲಿ ಹಡಗುಗಳಿಗೆ ಬಜಾರದ ಹೊರತು ಬೇರೆ ದಿಕ್ಕೇ ಇಲ್ಲವೇ? ಪಾಪ, ಊರಿನ ಗಂಡಸರ ಗತಿಯೇನು!

ಹೆಂಡತಿಯ ಮನಸ್ಸು ಬೇರೆ ಕಡೆ ತಿರುಗಿಸಲು ಎದುರಿನ ಅಂಗಡಿಸಾಲು ತೋರಿಸಿದೆ. ಬಾಗಿಲು ಹಾಕಿದ ಒಂದೊಂದು ಅಂಗಡಿಗೂ KAPALI ಎಂಬ ಹಲಗೆ.

"ನೋಡಿಲ್ಲಿ, ಕಪಾಲಿ! ನಮ್ಮ ಶಿವನ ಹೆಸರು! ಇಲ್ಲೂ ನಮ್ಮ ಮಂದಿ ಅದಾರ!" ಎಂದು ಕೈಮುಗಿದೇಬಿಟ್ಟೆ. ದಾರಿಹೋಕರೊಬ್ಬರು ಮುಚ್ಚಿದ ಅಂಗಡಿಗೆ ಕೈಮುಗಿದ ನನ್ನನ್ನು ಕನಿಕರದಿಂದ ನೋಡಿ ಹೋದರು.

ಹನ್ನೆರಡೂವರೆಯಾಯಿತು. ಬಸವೇಶ್ವರಿಯ ಪ್ರಶ್ನೆಗಳು ನಿಂತವು. ನೋಟುಬುಕ್ಕು ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು. ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಯಲಿಲ್ಲ.

"ಹೊತ್ತಾಯ್ತು, ನಡೀರಿ ಹೋಟೆಲಿಗಿ. ಇನ್ನ ಬೋರ್ಡಿನ ಮ್ಯಾಲೇ ದಾಟಿದ್ರಾಯ್ತು."

ಇಪ್ಪತ್ತೊಂದು ವರ್ಷದ ಆಸೆ! ಸಮುದ್ರ ಹತ್ತು ಹೆಜ್ಜೆ ದೂರದಲ್ಲಿದೆ, ನಡುವೆ ನನ್ನ ಉರ್ದು ಅಡ್ಡ ನಿಂತಿದೆ. ನನಗೆ ನಿಜಕ್ಕೂ ಅಳು ಬರುವಂತಾಯಿತು.

ಹೊರಟವಳು ಅಂಗಡಿಸಾಲಿನ ಮುಂದೆ ಗಕ್ಕನೆ ನಿಂತಳು. ಒಂದು ಬಾಗಿಲಿಗೆ ಅಂಟಿಸಿದ ಕಾಗದದ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು. ಮತ್ತೆ ಎಣಿಸಿದಳು.

"ರೀ, ಇಲ್ಲಿ ಏಳು ಸಾಲು ಅವ. ಆರು ಸಾಲಿಗಿ ಟೈಮ್ ಬರದಾರ, ಏಳನೇದಕ್ಕ ಟೈಮ್ ಇಲ್ಲ. ವಾರಕ್ಕ ಎಷ್ಟು ದಿನ್ರಿ?"

"ಏಳು."

"ಇವತ್ತು ಯಾವ ವಾರ?"

"ಐತವಾರ."

"ಏಳನೇ ಸಾಲು ಓದ್ರಿ."

ಓದಿದೆ. ಪಜಾರ್, ಕಪಾಲಿ.

ಬಸವೇಶ್ವರಿ ಎಸ್ಸೆಸ್ಸೆಲ್ಸಿ ದಡ್ಡನಿಗೆ ಬಿಡಿಸಿ ಹೇಳುವಂತೆ ಹೇಳಿದಳು:

"ಪಜಾರ್ ಅಂದ್ರ ಐತವಾರ್ರಿ! ಕಪಾಲಿ ಅಂದ್ರ ಬಂದ್! ಆ ಪುಣ್ಯಾತ್ಮ ಮುಂಜಾನಿಂದ 'ಇವತ್ತು ಐತವಾರ, ಐತವಾರದ ಸಾಲು ನೋಡು' ಅಂತ ಬಡಕೊಳ್ಳಾಕತ್ತಾನ!"

"ಅಂದ್ರ... ಬುಗುನ್?"

"ಇವತ್ತು! ಈಗರ ನಾ ಬಾಯಿ ಬಿಡ್ಲೇನ್ರಿ?"

"ಬಿಡವ್ವ, ಬಿಡು" ಎಂದೆ.

ಆದರೆ ಆಕೆಗೆ ಬಾಯಿ ಬೇಕಾಗಲೇ ಇಲ್ಲ! ಗೇಟಿನವನ ಮುಂದೆ ನೋಟುಬುಕ್ಕು ತೆರೆದು, ಇಪ್ಪತ್ತೊಂದು ವರ್ಷ ಕಣ್ಣುಮುಚ್ಚಿ ಬರೆದ ನಕ್ಷೆಯನ್ನು ಅರ್ಧ ನಿಮಿಷದಲ್ಲಿ ಬರೆದಳು. ಈ ಕಡೆ ಯುರೋಪು, ಆ ಕಡೆ ಏಷ್ಯಾ, ನಡುವೆ ಅಂಕುಡೊಂಕು ನೀರು. ನೀರಿನ ಮೇಲೊಂದು ಬಾಣದ ಗುರುತು, ಬಾಣದ ಬುಡದಲ್ಲಿ ಇಬ್ಬರು ಮನುಷ್ಯರು. ಅದರಲ್ಲೊಬ್ಬನಿಗೆ ಹೊಟ್ಟೆ ದೊಡ್ಡದು.

ಅವನು ನಕ್ಷೆ ನೋಡಿದ, ನನ್ನ ಹೊಟ್ಟೆ ನೋಡಿದ. "ತಮಾಮ್!" ಎಂದು ಕೂಗಿದ.

"ಕೇಳಿದ್ಯಾ? ಕಾಮ್ ತಮಾಮ್! ಕಥಿ ಮುಗೀತು ಅಂತಾನ!" ಎಂದು ನಾನು ಕಂಗಾಲಾಗುವಷ್ಟರಲ್ಲಿ ಅವನು ಗೇಟು ತೆರೆದಾಗಿತ್ತು.

"ತಮಾಮ್ ಅಂದ್ರ 'ಆಯ್ತು, ಬರ್ರಿ' ಅಂತ ಕಾಣ್ತದ್ರಿ. ನಿಮ್ಮ ಉರ್ದುನ ಇಲ್ಲೇ ಇಟ್ಟು ಬರ್ರಿ" ಎಂದು ಬಸವೇಶ್ವರಿ ನನ್ನ ತೋಳು ಹಿಡಿದು ಹಡಗಿಗೆ ಎಳೆದುಕೊಂಡಳು.

ಹಡಗು ಹೊರಟಿತು. ಬೆಳ್ಳಕ್ಕಿಯಂಥ ಹಕ್ಕಿಗಳು ಕಿರುಚುತ್ತಾ ಬೆನ್ನು ಹತ್ತಿದವು. ಉಳಿದವರು ಬ್ರೆಡ್ಡಿನ ತುಂಡು ಎಸೆದರು, ಇವಳು ಊರಿಂದ ತಂದ ಕಟಕ ರೊಟ್ಟಿ ಮುರಿದು ಎಸೆದಳು. ಒಂದು ಹಕ್ಕಿ ಗಾಳಿಯಲ್ಲೇ ಹಿಡಿದು, ಅಗಿಯಲಾರದೆ ಒದ್ದಾಡಿ, ಕೊನೆಗೆ ನುಂಗಿಯೇ ನುಂಗಿತು. "ಜ್ವಾಳದ ರೊಟ್ಟಿ ಅರಗಿಸ್ಕೋತದಂದ್ರ ಗಟ್ಟಿ ಹಕ್ಕಿನೇ" ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ನಡುನೀರಿಗೆ ಬಂದಾಗ ಆಕೆ ನೋಟುಬುಕ್ಕು ಮಡಚಿ ಕಟಕಟೆ ಹಿಡಿದು ನಿಂತಳು. ಹಿಂದೊಂದು ಖಂಡ, ಮುಂದೊಂದು ಖಂಡ. ಕಣ್ಣು ತುಂಬಿತ್ತು.

"ಇಷ್ಟು ದೊಡ್ಡದಕ್ಕ ನಾವು ಪರೀಕ್ಷಾದಾಗ ಒಂದೇ ಮಾರ್ಕ್ಸ್ ಕೊಡ್ತೀವಲ್ರಿ, ಎಷ್ಟು ಅನ್ಯಾಯ!"

ಎರಡೂವರೆ ತಾಸು ಇದನ್ನು ತಪ್ಪಿಸಿದವನು ನಾನು. ತಲೆ ತಗ್ಗಿಸಿ, "ತಪ್ಪಾತು ಬಸೂ" ಎಂದೆ. ಮದುವೆಯಾದ ಮೇಲೆ ಮೊದಲ ಸಲ! ಆಕೆ ನಕ್ಕು ನನಗೂ ಒಂದು ರೊಟ್ಟಿ ತುಂಡು ಕೊಟ್ಟಳು.

ಏಷ್ಯಾದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೇವೆ, ಎದುರಿಗೇ ಕಣ್ಣು ಹಾಯುವವರೆಗೂ ಅಂಗಡಿಗಳು! ಒಂದೂ ಕಪಾಲಿ ಇಲ್ಲ!

"ರೀ, ನೀವು ಅಂಜಿದ್ದು ಆ ಗುಡ್ಡದ ಮ್ಯಾಲಿನ ಬಜಾರಕ್ಕ ಅಲ್ಲೇನು? ಅದು ಐತವಾರ ಬಂದ್ ಇರ್ತದಂತ ಕಾಂತೇಶಣ್ಣ ನಿನ್ನೇನೇ ಹೇಳ್ಯಾನ."

"ಮತ್ತ ಮುಂಜಾನೇ ಹೇಳಬೇಕಿಲ್ಲೇನು?"

"ಬಾಯಿ ಬಿಡಬ್ಯಾಡ ಅಂದಿದ್ರಲ್ಲ!"

ಮುಂದಿನ ಒಂದು ತಾಸು ನಾನೂ ಬಾಯಿ ಬಿಡಲಿಲ್ಲ. ಸ್ಟಾಫ್‌ರೂಮಿನವರಿಗೆಲ್ಲ ಒಣ ಅಂಜೂರ, ಫರ್ಹೀನ್ ಮೇಡಂಗೆ ಸಾಬೂನು, ಓಣಿಯವರಿಗೆ ಚಹಾದ ಗ್ಲಾಸು. ಕೊನೆಗೆ ಸುರಪುರದ ಆಕೆಯ ತವರಿಗೆಂದು ಒಂದು ಸುತ್ತಿದ ಜಮಖಾನೆ! ಎರಡೂ ಕೈಗೆ ಚೀಲ, ಕುತ್ತಿಗೆಗೆ ಚೀಲ, ಹೆಗಲ ಮೇಲೆ ಜಮಖಾನೆ ಹೇರಿಕೊಂಡು ನಾನು ಮರಳಿ ಯುರೋಪಿನಲ್ಲಿ ಇಳಿದೆ. ಬಸವೇಶ್ವರಿ ನೋಟುಬುಕ್ಕು ಹಿಡಿದು ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ.

ಗೇಟಿನಲ್ಲಿ ಅದೇ ಪೊರಕೆಮೀಸೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೀಸೆ ಅಲುಗುವಂತೆ ನಕ್ಕು, ಜಮಖಾನೆಯ ಮೇಲೆ ಪಟಪಟ ಬಡಿದು ಒಂದೇ ಒಂದು ಶಬ್ದ ಹೇಳಿದ:

"ಹಮಾಲ್!"

ಮೂರು ದಿನದ ಟರ್ಕಿಯಲ್ಲಿ ನನಗೆ ತಪ್ಪಿಲ್ಲದೆ ಅರ್ಥವಾದ ದೊಡ್ಡ ಮಾತು ಅದೊಂದೇ.