ಬೆಲ್ಟ್ ಸಾಹೇಬರ ಮೆಟ್ಟಿಲ ದೀಪ

ಬೆಲ್ಟ್ ಸಾಹೇಬರ ಮನೆಯಲ್ಲಿ ಮೆಟ್ಟಿಲ ಮೇಲಿನ ಬಲ್ಬು ಸುಟ್ಟುಹೋಗಿ ನಾಲ್ಕು ತಿಂಗಳಾಗಿತ್ತು. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ. ಇಲ್ಲಿ ದೀಪವೇ ಇಲ್ಲದ್ದರಿಂದ ಬುಡವೂ ಕತ್ತಲು, ತುದಿಯೂ ಕತ್ತಲು.

ಇದಕ್ಕೆ ಸಾಹೇಬರ ಸೋಮಾರಿತನ ಕಾರಣ ಎಂದರೆ ಪಾಪ ಬರುತ್ತದೆ. ಕಾರಣ ಅವರ ಉದ್ಯೋಗ. ದೊಡ್ಡ ದೊಡ್ಡ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಅವರು ಸುರಕ್ಷತಾ ಅಧಿಕಾರಿ. ಎತ್ತರದಲ್ಲಿ ಕೆಲಸ ಮಾಡುವವರು ಮೈಗೆ ಬೆಲ್ಟ್ ಕಟ್ಟಿದ್ದಾರೋ ಇಲ್ಲವೋ, ಬೆಲ್ಟಿನ ಹಗ್ಗವನ್ನು ಗಟ್ಟಿ ಜಾಗಕ್ಕೆ ಸಿಕ್ಕಿಸಿದ್ದಾರೋ ಇಲ್ಲವೋ ಎಂದು ಇಪ್ಪತ್ತೆರಡು ವರ್ಷಗಳಿಂದ ಕತ್ತೆತ್ತಿ ನೋಡುತ್ತಾ ಬಂದವರು. ಬೆಲ್ಟಿಲ್ಲದವನನ್ನು ಸ್ಟೂಲಿನ ಮೇಲೂ ನಿಲ್ಲಗೊಡದ ಮಹಾನುಭಾವರು. ಕೆಲಸಗಾರರು ಪ್ರೀತಿಯಿಂದ (ಹಾಗೆಂದು ಸಾಹೇಬರೇ ಹೇಳಿಕೊಳ್ಳುತ್ತಾರೆ) ಇಟ್ಟ ಹೆಸರು ಮನೆಯವರೆಗೂ ಬಂದುಬಿಟ್ಟಿತ್ತು.

ಆ ಬಲ್ಬೋ ಎರಡಾಳು ಎತ್ತರದಲ್ಲಿತ್ತು. ಅದನ್ನು ಬದಲಿಸಲು ಒಬ್ಬರಾದ ಮೇಲೊಬ್ಬರಂತೆ ಮೂವರು ಕರೆಂಟ್ ಕೆಲಸದವರು ಬಂದರು. ಮೊದಲನೆಯವನು ಏಣಿಗೆ ಕಾಲಿಡುತ್ತಿದ್ದಂತೆ ಸಾಹೇಬರು ಪ್ರತ್ಯಕ್ಷರಾಗಿ ಬೆಲ್ಟ್ ಎಲ್ಲಿ ಎಂದು ಕೇಳಿದರು. ಅವನು ಅಂಗಿ ಎತ್ತಿ ಪ್ಯಾಂಟಿನ ಬೆಲ್ಟ್ ತೋರಿಸಿ ಬೈಸಿಕೊಂಡು ಹೋದ. ಎರಡನೆಯವನು ಮುಕ್ಕಾಲು ಗಂಟೆ ಉಪನ್ಯಾಸ ಕೇಳಿ, ನೀರು ಕುಡಿದು, ಬೇರೆ ಕಡೆ ಅರ್ಜೆಂಟು ಕೆಲಸವಿದೆ ಎಂದು ನಡೆದ. ಮೂರನೆಯವನು ಮಿತಭಾಷಿ. ಬೆಲ್ಟ್ ಎಲ್ಲಿ ಎಂದದ್ದಕ್ಕೆ "ನನ್ನ ಹತ್ರ ಇಲ್ಲ ಸಾರ್" ಎಂದಷ್ಟೇ ಹೇಳಿ ಏಣಿ ಹೊತ್ತುಕೊಂಡು ಬಂದ ದಾರಿ ಹಿಡಿದ. ಒಂದು ಜೀವ ಉಳಿಸಿದೆ ಎಂದು ಸಾಹೇಬರು ಆ ದಿನ ಎರಡು ತುತ್ತು ಹೆಚ್ಚೇ ಊಟ ಮಾಡಿದರು.

ಆದರೆ ಅದೇ ಮನೆಯ ಮಹಡಿಯಲ್ಲಿ ಇನ್ನೊಂದು ಜೀವವಿತ್ತು. ಅದು ಸಾಹೇಬರ ಅತ್ತೆ. ನಲವತ್ತು ವರ್ಷ ಬಟ್ಟೆ ಹೊಲಿದು ಊರಿಗೆಲ್ಲ ಅಂಗಿ ತೊಡಿಸಿದ ಟೈಲರಮ್ಮ. ಸಂಜೆಯಾದರೆ ಕತ್ತಲಲ್ಲಿ ಕಾಲಿನಿಂದಲೇ ಮೆಟ್ಟಿಲು ತಡಕಾಡುತ್ತಾ ಇಳಿಯುತ್ತಿದ್ದರು. ಹೋದ ವಾರ ನಾಲ್ಕನೆಯ ಮೆಟ್ಟಿಲು ತಪ್ಪಿ ಐದನೆಯದರ ಮೇಲೆ ದೊಪ್ಪನೆ ಕೂತುಬಿಟ್ಟರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಹೆಂಡತಿಯ ತಾಳ್ಮೆ ಮಾತ್ರ ಮುರಿಯಿತು.

"ರೀ, ಭಾನುವಾರ ಸಂಜೆಯೊಳಗೆ ಅಲ್ಲಿ ದೀಪ ಉರೀಬೇಕು. ಇಲ್ದಿದ್ರೆ ಕುರ್ಚಿ ಮೇಲೆ ಕುರ್ಚಿ ಇಟ್ಕೊಂಡು ನಾನೇ ಹತ್ತೋದು."

ಕುರ್ಚಿಯ ಮೇಲೆ ಕುರ್ಚಿ! ಸಾಹೇಬರ ಕಿವಿಗೆ ಅದಕ್ಕಿಂತ ಕೆಟ್ಟ ಬೈಗುಳ ಇನ್ನೊಂದಿರಲಿಲ್ಲ. ಶಾಸ್ತ್ರೋಕ್ತವಾಗಿ ತಾವೇ ಹತ್ತಿ ತೋರಿಸುವುದಾಗಿ ಘೋಷಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಾವು ಏಣಿ ಹತ್ತಿಲ್ಲ, ಹತ್ತುವವರನ್ನು ನೋಡಿದ್ದಷ್ಟೇ ಎಂಬುದು ಆ ಗಳಿಗೆಯಲ್ಲಿ ಅವರಿಗೂ ನೆನಪಾಗಲಿಲ್ಲ.

ಭಾನುವಾರ ಬಂತು. ಆಫೀಸಿನಿಂದ ತಂದ ಬೆಲ್ಟನ್ನು ತೊಡೆ, ಸೊಂಟ, ಹೆಗಲಿಗೆಲ್ಲ ಬಿಗಿದು, ತಲೆಗೆ ಹಳದಿ ಹೆಲ್ಮೆಟ್ ಇಟ್ಟು, ಸಾಹೇಬರು ಯುದ್ಧಕ್ಕೆ ಹೊರಟ ಸೇನಾಧಿಪತಿಯಾದರು. ಬೆಲ್ಟಿನ ಹಗ್ಗದ ತುದಿಯನ್ನು ಮಹಡಿಯ ಕಂಬಕ್ಕೆ ಕಟ್ಟಿದರು. ಕೆಳಗೆ ಪಕ್ಕದ ಮನೆಯಿಂದ ತಂದ ಏಣಿ ನಿಂತಿತು. ಅದರ ಸುತ್ತ ಕೆಂಪು ಪಟ್ಟಿ ಎಳೆದರು. ಏಣಿ ಹಿಡಿದುಕೊಳ್ಳಲೇ ಎಂದು ಹೆಂಡತಿ ಕೇಳಿದರೆ, ಪಟ್ಟಿಯೊಳಗೆ ತರಬೇತಿ ಇಲ್ಲದವರಿಗೆ ಪ್ರವೇಶವಿಲ್ಲವೆಂದು ಆಕೆಯನ್ನು ಅಡುಗೆಮನೆಯ ಬಾಗಿಲಿಗೆ ಅಟ್ಟಿದರು.

ಅತ್ತೆ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಅಳತೆಪಟ್ಟಿ ಮುಟ್ಟದೆ ತೋಳಿನುದ್ದ ಹೇಳುವ ಕಣ್ಣು ಅವರದು.

"ಅಳಿಯಂದ್ರೇ, ಈ ಹಗ್ಗ ನೆಲ ಮುಟ್ಟೋಷ್ಟು ಉದ್ದ ಇದೆಯಲ್ಲ. ನೀವು ಬಿದ್ರೆ ಇದು ತಡೆಯೋ ಹೊತ್ತಿಗೆ ನೀವು ಕೆಳಗೆ ತಲುಪಿರ್ತೀರಿ."

ಇದು ಬ್ಲೌಸಿನ ತೋಳಲ್ಲ, ಮೂವತ್ತು ಮಹಡಿಯ ಕಟ್ಟಡಗಳನ್ನು ಕಾಯ್ದ ಹಗ್ಗ ಎಂದು ಸಾಹೇಬರು ಮುಗುಳ್ನಕ್ಕರು. (ಮೂವತ್ತನೆಯ ಮಹಡಿಯಿಂದ ಬಿದ್ದವನಿಗೆ ಹಗ್ಗ ಬಿಗಿಯುವ ತನಕ ಕೆಳಗೆ ಬೇಕಾದಷ್ಟು ಜಾಗವಿರುತ್ತದೆ, ಮೆಟ್ಟಿಲ ಬುಡದಲ್ಲಿ ಇರುವುದಿಲ್ಲ ಎಂಬುದು ಅವರೇ ವಾರಕ್ಕೊಮ್ಮೆ ಕಲಿಸುವ ಪಾಠ.) ಅತ್ತೆ ವಾದಿಸಲಿಲ್ಲ. ವಾದಿಸುವ ಗಿರಾಕಿಗಳನ್ನು ಅವರು ನಲವತ್ತು ವರ್ಷ ಕಂಡಿದ್ದರು.

ಸಾಹೇಬರು ಹತ್ತಿದರು. ಏಣಿಯ ಆರನೆಯ ಮೆಟ್ಟಿಲವರೆಗೆ ಉಪನ್ಯಾಸ ನಡೆದಿತ್ತು. ಏಳನೆಯದರಲ್ಲಿ ದನಿ ಸಣ್ಣಗಾಯಿತು. ಒಂಬತ್ತರಲ್ಲಿ ನಿಂತುಹೋಯಿತು. ಹಳೆಯ ಬಲ್ಬಿಗೆ ಕೈ ಚಾಚಿದ್ದೇ ತಡ, ನುಣುಪು ನೆಲದ ಮೇಲೆ ಏಣಿಯ ಕಾಲು ಜಾರಿತು.

ಅರೆಗಳಿಗೆಯಲ್ಲಿ ಸಾಹೇಬರಿಗೆ ಅತ್ತೆಯ ಮಾತು ನೆನಪಾಯಿತು, ಹಗ್ಗದ ಉದ್ದ ನೆನಪಾಯಿತು, ಸೊಂಟದ ಮೂಳೆ ನೆನಪಾಯಿತು. ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಬೆನ್ನ ಮೇಲೆ ಯಾರೋ ಹಿಡಿದೆಳೆದಂತಾಗಿ ಬೀಳುವುದು ನಿಂತಿತು. ಕಣ್ಣು ಬಿಟ್ಟರೆ ನೆಲ ಎರಡಡಿ ಕೆಳಗಿತ್ತು. ತಾವು ತ್ರಿಶಂಕುವಿನಂತೆ ತೂಗುತ್ತಿದ್ದರು.

"ನೋಡಿದ್ಯಾ? ಇದಕ್ಕೇ ನಾನು ಬೆಲ್ಟ್ ಬೆಲ್ಟ್ ಅಂತ ಬಡ್ಕೊಳ್ಳೋದು" ಎಂದರು, ಉಸಿರು ಸಿಕ್ಕ ಕೂಡಲೇ.

ಹೆಂಡತಿ ಮೇಲೆ ನೋಡಿದಳು. ಸಾಹೇಬರೂ ತಿರುಗುತ್ತಾ ತಿರುಗುತ್ತಾ ನೋಡಿದರು. ಹಗ್ಗ ಈಗ ಕಂಬಕ್ಕೆ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿಕೊಂಡಿತ್ತು. ಉದ್ದವಾದ ಲಂಗಕ್ಕೆ ಮಡಿಕೆ ಹಾಕುವಂತೆ, ಅಳಿಯ ಉಪನ್ಯಾಸ ಕೊಡುತ್ತಾ ಹತ್ತುತ್ತಿದ್ದಾಗ ಅತ್ತೆ ಸದ್ದಿಲ್ಲದೆ ಹಗ್ಗ ಗಿಡ್ಡ ಮಾಡಿ ಗಂಟು ಹಾಕಿದ್ದರು.

"ಸರಿ, ಈಗ ಇವರನ್ನ ಇಳಿಸೋದು ಹೇಗಂತೆ?" ಎಂದು ಅತ್ತೆ ಮಗಳನ್ನು ಕೇಳಿದರು.

ಸಾಹೇಬರು ಅದನ್ನು ಯೋಚಿಸಿರಲಿಲ್ಲ. ಹೀಗೆ ತೂಗುತ್ತಿರುವವನನ್ನು ಬೇಗ ಇಳಿಸದಿದ್ದರೆ ಜೀವಕ್ಕೇ ಅಪಾಯ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಗಲೇ ತೊಡೆಯ ಪಟ್ಟಿ ಒತ್ತಿ ಕಾಲು ಜುಮ್ಮೆನ್ನತೊಡಗಿತ್ತು. ತರಬೇತಿ ಇಲ್ಲದ ಹೆಂಡತಿ ಕೆಂಪು ಪಟ್ಟಿಯನ್ನು ಕಿತ್ತೆಸೆದು ಒಳನುಗ್ಗಿ, ಊಟದ ಮೇಜನ್ನು ಎಳೆತಂದು ಗಂಡನ ಪಾದದಡಿಗೆ ತಳ್ಳಿದಳು. ಕಾಲಿಗೆ ಮರ ಸಿಕ್ಕಾಗ ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಕಣ್ಣು ತುಂಬಿಕೊಂಡೇ ಬಕಲ್ ಬಿಚ್ಚಿದಳು.

"ಆ ಮೂರನೇ ಕರೆಂಟಿನವ್ನಿಗೆ ಫೋನ್ ಮಾಡೇ" ಎಂದರು ಸಾಹೇಬರು ಮೆಲ್ಲಗೆ.

ಮಿತಭಾಷಿ ಅರ್ಧ ಗಂಟೆಯಲ್ಲಿ ಬಂದ. ಸಾಹೇಬರು ತಮ್ಮ ಬೆಲ್ಟನ್ನು ಅವನಿಗೆ ತೊಡಿಸಿದರು. ಅತ್ತೆ ಮೇಲಿನಿಂದ ಹಗ್ಗದ ಅಳತೆ ನೋಡಿ ಹೂಂ ಎಂದರು. ಹೆಂಡತಿ ಏಣಿಯ ಒಂದು ಕಾಲು ಹಿಡಿದು, ಇನ್ನೊಂದನ್ನು ಗಂಡನಿಗೆ ತೋರಿಸಿದಳು. ಸಾಹೇಬರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಎರಡು ನಿಮಿಷದಲ್ಲಿ ನಾಲ್ಕು ತಿಂಗಳ ಕತ್ತಲು ಹೋಯಿತು. ಅತ್ತೆ ಪ್ರತಿ ಮೆಟ್ಟಿಲನ್ನೂ ಕಣ್ಣಾರೆ ನೋಡುತ್ತಾ ಇಳಿದು ಬಂದರು. ಇಪ್ಪತ್ತೆರಡು ವರ್ಷದಲ್ಲಿ ಸಾಹೇಬರಿಗೆ ಅಷ್ಟು ನೆಮ್ಮದಿ ಯಾವ ಮಹಡಿಯ ಕೆಳಗೆ ನಿಂತಾಗಲೂ ಆಗಿರಲಿಲ್ಲ.

ಕೆಳಗಿಳಿದ ಕರೆಂಟ್ ಕೆಲಸದವನು ಬೆಲ್ಟ್ ಬಿಚ್ಚಿ, ತಿರುಗಿಸಿ ಮುರುಗಿಸಿ ನೋಡಿದ.

"ಚೆನ್ನಾಗಿದೆ ಸಾರ್. ಯಾವಾಗ ತಂದಿದ್ದು?"

ಹಳೇದು, ಆಫೀಸಿನಲ್ಲಿ ಕಪಾಟು ತುಂಬ ಇವೆ ಎಂದು ಸಾಹೇಬರು ಹೆಮ್ಮೆಯಿಂದಲೇ ಹೇಳಿದರು.

ಅವನು ಬೆಲ್ಟನ್ನು ಮಡಿಸಿ ಅವರ ಕೈಗಿಟ್ಟ. "ಹಂಗಾದ್ರೆ ಅವತ್ತು ಬೆಲ್ಟ್ ಎಲ್ಲಿ ಅಂತ ನನ್ನ ಯಾಕೆ ಕೇಳಿದ್ರಿ ಸಾರ್?"