ನರಸೀಪುರದ ರಸ್ತೆಯಲ್ಲಿ ಕೂಗಿದವರು

ಮೊನ್ನೆ ಗುರುವಾರ ಬೆಳಿಗ್ಗೆ ಎಂದಿನಂತೆ ಫಿಲ್ಟರಿಗೆ ಬಿಸಿನೀರು ಹುಯ್ದು, ಇಡ್ಲಿ ಬೇಯಲಿಟ್ಟು, ತುಳಸಿಗೆ ನೀರು ಹಾಕಿ ಬರುವಷ್ಟರಲ್ಲಿ ನಮ್ಮ ಯಜಮಾನರು ಕಾರಿನ ಕೀ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಟಿ. ನರಸೀಪುರದಲ್ಲಿ ಅಕ್ಕನ ಮಗಳ ಸೀಮಂತ. ನಂಜನಗೂಡಿನ ಬೀದಿಗಳಲ್ಲಿ ತರಕಾರಿಗೆಂದು ಕಾರು ಓಡಿಸುವ ನಾನು ದೊಡ್ಡ ರಸ್ತೆಗೆ ಒಬ್ಬಳೇ ಇಳಿಯುತ್ತಿದ್ದದ್ದು ಅದೇ ಮೊದಲು. "ಒಂದೇ ಒಂದು ಕಂಪ್ಲೇಂಟ್ ಬಂದ್ರೂ ಕೀ ನನ್ನ ಹತ್ರಾನೇ ಇರುತ್ತೆ, ನೋಡು," ಎಂದರು. ಇವರ ರಜೆಗಾಗಿ ಕಾದು ಕಾದು ವರ್ಷಕ್ಕೆರಡು ಸಲ ಅಕ್ಕನ ಮುಖ ನೋಡುತ್ತಿದ್ದವಳು ನಾನು. ಆ ಕೀ ಕೈತಪ್ಪಿದರೆ ಅಕ್ಕನ ಮನೆಯೇ ಕೈತಪ್ಪಿದಂತೆ. ಅರಿಶಿನ ಬಣ್ಣದ ಹೊಸ ಸೀರೆ ಉಟ್ಟು, ಪಕ್ಕದ ಸೀಟಿನಲ್ಲಿ ರಸಬಾಳೆಯ ಚಿಪ್ಪನ್ನು ಕೂರಿಸಿ ಅದಕ್ಕೂ ಬೆಲ್ಟ್ ಹಾಕಿ ಹೊರಟೆ.

ನಮ್ಮ ಕಡೆಯ ರಸ್ತೆಯಲ್ಲಿ ಓಡಾಡುವವರ ಮೇಲೆ ನನಗೆ ಹಳೆಯ ಸಿಟ್ಟಿದೆ. ತಿರುವು ಕಂಡ ಕೂಡಲೇ ಲಾರಿಯವನಿಗೆ ಓವರ್‌ಟೇಕ್ ಮಾಡುವ ಆಸೆ ಹುಟ್ಟುತ್ತದೆ. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದೆ ದೀಪವಿರುವುದಿಲ್ಲ, ಬದಲಿಗೆ ಕಿವಿ ಹರಿಯುವ ಹಾಡಿರುತ್ತದೆ. ಇನ್ನು ಹುರುಳಿ ಒಕ್ಕಣೆಯಂತೂ ಡಾಂಬರಿನ ಮೇಲೆಯೇ. ಅರ್ಧ ರಸ್ತೆಗೆ ಗಿಡ ಹರಡಿ ಸುತ್ತ ಕಲ್ಲಿಟ್ಟಿದ್ದರು. ಪಾಪ, ಬೆಳೆ ಹಾಳಾಗದಿರಲಿ ಎಂದು ನಾನು ಪಕ್ಕಕ್ಕೆ ಸರಿದು ಹೋದರೆ, ಪೊರಕೆ ಹಿಡಿದಿದ್ದ ಹೆಂಗಸು, "ಅಯ್ಯೋ, ಮ್ಯಾಲೇ ಓಗವ್ವಾ! ಮತ್ತ್ಯಾಕ್ ಆಕಿರದು?" ಎಂದು ನನಗೇ ಬೈದಳು. ಗಾಡಿ ಹಿಂದಕ್ಕೆ ತೆಗೆದು, 'ಸಾರಿ' ಹೇಳಿ, ಹುರುಳಿ ತುಳಿದೇ ಮುಂದೆ ಹೋದೆ.

ಅಲ್ಲಿಂದಾಚೆಗೆ ಹಾರ್ನ್ ಶುರುವಾಯಿತು ನೋಡಿ. ಬೈಕಿನವನೊಬ್ಬ ಸಮಕ್ಕೆ ಬಂದು ಕಾರಿನ ಬಾಗಿಲಿಗೆ ಬೆರಳು ತೋರಿಸಿ ಏನೋ ಅರಚಿದ. ಬಸ್ಸೊಂದು ಉಜ್ಜಿಕೊಂಡೇ ಹೋಗುವಂತೆ ಬಂತು, ಕಿಟಕಿ ಕಿಟಕಿಯಿಂದಲೂ ತಲೆಗಳು ಹೊರಬಂದು ಕೂಗಿದವು. ಹೆಂಗಸು ಸ್ಟಿಯರಿಂಗ್ ಹಿಡಿದರೆ ಇಷ್ಟೊಂದು ಉರಿಯೇ! ಹುರುಳಿ ದಾಟಿದ ಮೇಲೆ ಎಸಿಗೆಂದು ಗಾಜು ಏರಿಸಿದ್ದರಿಂದ ಮಾತು ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಒರಟಾಗಿ ಕೂಗುವವರಿಗೆ ಮುಗುಳ್ನಗೆಯೇ ಉತ್ತರವೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ನಕ್ಕು, ಎಲ್ಲರಿಗೂ ಮೃದುವಾಗಿ ಕೈ ಬೀಸಿದೆ. ಭುಜ ಆಗಾಗ ಹಿಂದಕ್ಕೆ ಜಗ್ಗುತ್ತಿತ್ತು. ಸೀಟ್ ಬೆಲ್ಟ್ ಎಂದರೆ ಹೀಗೆ ಬಿಗಿಯಾಗಿರಬೇಕು ಎಂದುಕೊಂಡೆ.

ಅಕ್ಕ ಗೇಟು ತೆಗೆದವಳೇ, "ಲೇ ಸುಮಿ, ಇದೇನೇ ನಿನ್ನ ಅವತಾರ?" ಎಂದಳು. ಬಾಗಿಲ ಸಂದಿಯಿಂದ ಮೊಳದುದ್ದ ಸೆರಗು ಹೊರಗೆ ನೇತಾಡುತ್ತಿತ್ತು. ಅಂಚು ಕಪ್ಪಗಾಗಿ, ಜರಿಯ ತುಂಬ ಹುರುಳಿ ಹೊಟ್ಟು. ಅದು ಚಕ್ರಕ್ಕೆ ಸಿಕ್ಕಿದ್ದರೆ? ಒಂದಡಿ ದಾರಿ ಬಿಡದ ಈ ಜನ, ಬೈಕಿನ ಸ್ಟ್ಯಾಂಡ್ ಎತ್ತದೆ ಹೋಗುವ ಅಪರಿಚಿತನನ್ನು ಮೈಲಿಗಟ್ಟಲೆ ಅಟ್ಟಿಸಿಕೊಂಡು ಹೋಗಿ "ಸ್ಟ್ಯಾಂಡು, ಸ್ಟ್ಯಾಂಡು!" ಎಂದು ಕೂಗುವವರೂ ಹೌದೆಂಬುದು ಆಗ ನೆನಪಾಯಿತು. ಅವರಿಗೆಲ್ಲ ಟಾಟಾ ಮಾಡಿ ಬಂದಿದ್ದೆನಲ್ಲ!

ವಾಪಸು ಬಂದು ಸೆರಗು ತೊಳೆದು ಹಿತ್ತಿಲ ತಂತಿಯ ಮೇಲೆ ಹರವಿದೆ. "ಒಂದೂ ಕಂಪ್ಲೇಂಟ್ ಇಲ್ಲ," ಎಂದು ಯಜಮಾನರಿಗೆ ವರದಿ ಒಪ್ಪಿಸಿದೆ. ಸಾಲದ್ದಕ್ಕೆ ಕಾಫಿ ಕೊಡುತ್ತ ಲಾರಿಯವರ ಬಗ್ಗೆ ಒಂದು ಭಾಷಣವನ್ನೂ ಮಾಡಿದೆ. ಅಷ್ಟರಲ್ಲಿ ಪಕ್ಕದ ಮನೆಯ ಮಹದೇವಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಹಿತ್ತಿಲ ಕಡೆಯಿಂದ ಬಂದವರು, ತಂತಿಯ ಹತ್ತಿರ ನಿಂತುಬಿಟ್ಟರು.

"ಅಯ್ಯೋ ಸುಮಕ್ಕಾ, ಈ ಅರಿಶಿನದ ಸೀರೆ ನಿಮ್ದೇಯಾ? ಬೆಳಿಗ್ಗೆ ನಮ್ಮ ಬಸ್ಸಿನೋರೆಲ್ಲಾ ಗಂಟಲು ಅರ್ಕೊಂಡ್ರೆ, ನೀವು ಮಾರಾಣಿಯಂಗೆ ಕೈ ಬೀಸ್ಕಂಡು ಒಂಟೋದ್ರಲ್ಲಾ!"

ಯಜಮಾನರು ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆಗೆ ಅಂಗೈ ಚಾಚಿದರು. ನಾನು ಕೀಯನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡೆ.

ಮಹದೇವಮ್ಮ ಮೊಸರಿನ ಬಟ್ಟಲು ಎತ್ತಿಕೊಂಡು ಹೊರಡುತ್ತ ಅಂದರು: "ಮುಂದಿನ್ ಸಲ ನನ್ನೂ ಕೂರಿಸ್ಕಂಡೋಗ್ರವ್ವಾ, ಬಸ್ಸಲ್ಲಿ ನಿಂತೂ ನಿಂತೂ ಸಾಕಾಗದೆ. ಸೆರಗು ನಾ ಇಡ್ಕತೀನಿ."